ಮೊದಲ ಸಲ ನಂದಿಗೆ ಸೈಕಲ್ಲಿನಲ್ಲಿ: ಸಿದ್ಧತೆಯಿಂದ ವಾಪಸಾಗುವವರೆಗೆ

ಬೆಂಗಳೂರಿನಲ್ಲಿ ರೋಡ್ ಸೈಕಲ್ ಕೊಂಡವರು ಒಂದೆರಡು ತಿಂಗಳಲ್ಲಿ ಕೇಳುವ ಪ್ರಶ್ನೆ ಒಂದೇ: ‘ನಂದಿಗೆ ಯಾವಾಗ ಹೋಗೋಣ?’ ಹೆಬ್ಬಾಳದಿಂದ ಹೊರಟು, ಬೆಟ್ಟ ಹತ್ತಿ ವಾಪಸ್ ಬಂದರೆ ನೂರು ಕಿ.ಮೀ. ಆಸುಪಾಸು. ಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1,478 ಮೀಟರ್. ಬುಡದಿಂದ ಮೇಲಿನ ಗೇಟಿಗೆ ಸುಮಾರು ಏಳೂವರೆ ಕಿ.ಮೀ. ಏರು, ಸರಾಸರಿ ನೂರು ಮೀಟರಿಗೆ ಐದಾರು ಮೀಟರ್.

ನಾನು ಹನ್ನೊಂದು ವರ್ಷದಿಂದ ಈ ದಾರಿ ತುಳಿಯುತ್ತಿದ್ದೇನೆ. ಈಚೆಗಂತೂ ಹೊಸಬರ ಜೊತೆ ಹೋಗುವುದೇ ಹೆಚ್ಚು. ಅರ್ಧ ಬೆಟ್ಟದಲ್ಲಿ ಇಳಿದು ಸೈಕಲ್ ತಳ್ಳಿಕೊಂಡು ನಡೆದವರನ್ನು ಎಷ್ಟೋ ಜನರನ್ನು ನೋಡಿದ್ದೇನೆ. ಅವರ ಕಾಲು ಖಾಲಿಯಾಗಿದ್ದು ದೇವನಹಳ್ಳಿಗೂ ಮುಂಚೆಯೇ. ಬೆಳಗಿನ ತಂಪು, ಅಗಲವಾದ ರಸ್ತೆ, ಹೊಸ ಸೈಕಲ್ಲು, ಪಕ್ಕದಲ್ಲಿ ಗೆಳೆಯರು; ಕಾಲು ತಾನಾಗಿ ಜೋರಾಗುತ್ತದೆ. ಆ ಜೋರಿಗೆ ಲಗಾಮು ಹಾಕುವುದನ್ನು ಕಲಿತರೆ ನಂದಿ ಯಾರಿಗಾದರೂ ಸಿಗುತ್ತದೆ. ಕೆಳಗೆ ಬರೆದಿರುವುದೆಲ್ಲ ಹೆಚ್ಚುಕಡಿಮೆ ಆ ಲಗಾಮಿನ ವಿಷಯವೇ.

ಮೊದಲು ಸೈಕಲ್ಲು ನಿಮ್ಮ ಅಳತೆಗೆ ಬರಲಿ

ಸೀಟಿನ ಎತ್ತರ ಸರಿಯಿಲ್ಲದೆ ನೂರು ಕಿ.ಮೀ. ತುಳಿದರೆ ಮಂಡಿ ಕೇಳುವುದಿಲ್ಲ. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಒಂದು ದಪ್ಪ ರಟ್ಟಿನ ಪುಸ್ತಕವನ್ನು ಎರಡು ಕಾಲಿನ ನಡುವೆ ಮೇಲಕ್ಕೆ ಒತ್ತಿ ಹಿಡಿಯಿರಿ, ಸೀಟಿನ ಮೇಲೆ ಕೂತಾಗ ಒತ್ತುವಷ್ಟೇ ಬಿಗಿಯಾಗಿ. ನೆಲದಿಂದ ಪುಸ್ತಕದ ಮೇಲಂಚಿಗೆ ಎಷ್ಟಿದೆಯೋ ಅದನ್ನು 0.883ರಿಂದ ಗುಣಿಸಿ. ಅಳತೆ 80 ಸೆಂ.ಮೀ. ಇದ್ದರೆ 70.6 ಸೆಂ.ಮೀ. ಬರುತ್ತದೆ. ಪೆಡಲ್‌ಗಳು ಸುತ್ತುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಅಷ್ಟು ಇಟ್ಟು ಶುರು ಮಾಡಿ. ಮಂಡಿಯ ಮುಂಭಾಗ ನೋಯುತ್ತಿದ್ದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಎಂದರ್ಥ. ಹಿಂಭಾಗ ನೋಯುತ್ತಿದ್ದರೆ ಎತ್ತರವಾಗಿದೆ. ಒಂದೇ ಸಲಕ್ಕೆ ಎರಡು ಇಂಚು ಬದಲಿಸಬೇಡಿ. ಅರ್ಧ ಸೆಂ.ಮೀ. ಏರಿಸಿ ಅಥವಾ ಇಳಿಸಿ, ಎರಡು ದಿನ ತುಳಿದು ನೋಡಿ.

ಗೇರಿನ ಲೆಕ್ಕ ಇನ್ನೂ ಮುಖ್ಯ. ಬಹಳಷ್ಟು ರೋಡ್ ಸೈಕಲ್‌ಗಳಲ್ಲಿ ಪೆಡಲಿನ ಹತ್ತಿರ ಇರುವ ಮುಂದಿನ ಸಣ್ಣ ಹಲ್ಲುಚಕ್ರಕ್ಕೆ 34 ಹಲ್ಲು, ಹಿಂದಿನ ಹಲ್ಲುಚಕ್ರಗಳ ಗೊಂಚಲಾದ ಕ್ಯಾಸೆಟ್‌ನ ದೊಡ್ಡ ಚಕ್ರಕ್ಕೆ 28 ಹಲ್ಲು ಇರುತ್ತವೆ. ಬೆಟ್ಟದ ಕಡಿದಾದ ಭಾಗದಲ್ಲಿ ಹೊಸಬರ ವೇಗ ಗಂಟೆಗೆ 8 ಕಿ.ಮೀ. ಇರುತ್ತದೆ ಎಂದುಕೊಳ್ಳಿ. ಆ ವೇಗಕ್ಕೆ 28 ಹಲ್ಲಿನಲ್ಲಿ ಪೆಡಲು ನಿಮಿಷಕ್ಕೆ 52 ಸುತ್ತು ತಿರುಗುತ್ತದೆ. ಅಂದರೆ ಒಂದೊಂದು ಸುತ್ತಿಗೂ ಮೈಭಾರವನ್ನೆಲ್ಲ ಮಂಡಿಯ ಮೇಲೆ ಹಾಕಿ ಒತ್ತಬೇಕು. ಅದೇ 34 ಹಲ್ಲಿನ ಕ್ಯಾಸೆಟ್ ಹಾಕಿಸಿದರೆ 63 ಸುತ್ತು. ಹನ್ನೊಂದು ಸುತ್ತಿನ ವ್ಯತ್ಯಾಸ ಕೇಳಲು ಸಣ್ಣದು. ಐದನೇ ಕಿಲೋಮೀಟರಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ, ನಿಮ್ಮ ಸೈಕಲ್ಲಿನ ಹಿಂದಿನ ಡಿರೇಲರ್‌ಗೆ ಎಷ್ಟು ಹಲ್ಲಿನವರೆಗೆ ಆಗುತ್ತದೆ ಎಂದು ಮೆಕ್ಯಾನಿಕ್ ಹತ್ತಿರ ವಿಚಾರಿಸಿ, ಆಗುವಷ್ಟು ದೊಡ್ಡದು ಹಾಕಿಸಿ. ಸೈಕಲ್ಲಿಗೆ ಮಾಡುವ ಖರ್ಚಿನಲ್ಲಿ ಹೊಸಬರಿಗೆ ಅತ್ಯಂತ ಉಪಯೋಗದ್ದು ಇದೇ ಎಂದು ನನ್ನ ಅಭಿಪ್ರಾಯ. ಕಾರ್ಬನ್ ಚಕ್ರ, ದುಬಾರಿ ಶೂ ಎಲ್ಲ ಆಮೇಲೆ. ಹೈಬ್ರಿಡ್ ಸೈಕಲ್ ಇದ್ದವರು ಹಿಂಜರಿಯಬೇಕಾಗಿಲ್ಲ, ಅದರಲ್ಲಿ ಸುಲಭದ ಗೇರು ಮೊದಲೇ ಇರುತ್ತದೆ.

ಆರು ವಾರ

ವಾರಕ್ಕೆ ಮೂರು ದಿನ ಸಾಕು. ಎರಡು ದಿನ ಒಂದೊಂದು ಗಂಟೆ. ಭಾನುವಾರ ಉದ್ದದ ಸವಾರಿ, ಮೊದಲ ವಾರ 25 ಕಿ.ಮೀ., ಆಮೇಲೆ 35, 45, 60, 70. ಆರನೇ ವಾರ ಕಡಿಮೆ ಮಾಡಿ, ಕಾಲಿಗೆ ಬಿಡುವು ಬೇಕು. ವೇಗ ಅಳೆಯಲು ವಾಚು, ಹೃದಯಬಡಿತದ ಪಟ್ಟಿ ಏನೂ ಬೇಡ. ತುಳಿಯುತ್ತಾ ತುಳಿಯುತ್ತಾ ಒಂದು ಪೂರ್ತಿ ವಾಕ್ಯ ಹೇಳಿ: ‘ಇವತ್ತು ಮನೆಗೆ ಹೋದಮೇಲೆ ಮೂರು ದೋಸೆ ತಿನ್ನುತ್ತೇನೆ.’ ನಡುವೆ ಉಸಿರು ತೆಗೆದುಕೊಳ್ಳದೆ ಹೇಳಲು ಬಂದರೆ ವೇಗ ಸರಿ ಇದೆ. ‘ಮೂರು’ ಮತ್ತು ‘ದೋಸೆ’ಯ ನಡುವೆ ಏದುಸಿರು ಬಂದರೆ ಜೋರಾಯಿತು, ಇಳಿಸಿ.

ವಾರದ ಎರಡು ದಿನಗಳಲ್ಲಿ ಒಂದು ದಿನ ಏರು ಹತ್ತಿ. ಬೆಂಗಳೂರಿನಲ್ಲಿ ಏರಿಗೆ ಬರವಿಲ್ಲ; ವಾಹನ ಕಡಿಮೆ ಇರುವ ಅರ್ಧ ಕಿ.ಮೀ. ಏರು ಹುಡುಕಿ, ಆರೇಳು ಸಲ ಹತ್ತಿ ಇಳಿಯಿರಿ. ಎದ್ದು ನಿಂತು ತುಳಿಯದೆ ಕೂತೇ ಹತ್ತುವುದನ್ನು ಅಭ್ಯಾಸ ಮಾಡಿ.

ಇದರ ಜೊತೆ ಮೂರು ಕೈಚಳಕ ಬರಬೇಕು. ಓಡುತ್ತಿರುವಾಗಲೇ ಬಾಟಲಿ ತೆಗೆದು ಕುಡಿದು, ಕೆಳಗೆ ನೋಡದೆ ವಾಪಸ್ ಇಡುವುದು. ಒಂದು ಕೈ ಬಿಟ್ಟು ಸನ್ನೆ ಮಾಡುವುದು. ಹ್ಯಾಂಡಲ್ ಅಲುಗಾಡದಂತೆ ಬಲಭುಜದ ಮೇಲಿಂದ ಹಿಂದೆ ತಿರುಗಿ ನೋಡುವುದು. ಮೂರನೆಯದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ತಲೆ ತಿರುಗಿದ ಕಡೆಗೆ ಸೈಕಲ್ಲೂ ವಾಲುತ್ತದೆ. ಖಾಲಿ ಬಡಾವಣೆಯ ರಸ್ತೆಯಲ್ಲಿ ಬಿಳಿ ಗೆರೆಯ ಮೇಲೆ ಹೋಗುತ್ತಾ, ಗೆರೆ ಬಿಡದೆ ಹಿಂದಿನ ಮನೆಯ ಗೇಟಿನ ಬಣ್ಣ ಯಾವುದು ಎಂದು ನೋಡಿ ಹೇಳಿ. ಎರಡು ಭಾನುವಾರದಲ್ಲಿ ಬರುತ್ತದೆ.

ಒಂಟಿಯಾಗಿಯೋ, ಗುಂಪಿನಲ್ಲಿಯೋ?

ಎರಡೂ ಬೇಕು. ಒಂಟಿ ಸವಾರಿ ನಿಮ್ಮ ವೇಗ ಯಾವುದು ಎಂದು ಕಲಿಸುತ್ತದೆ. ಗುಂಪು ರಸ್ತೆಯ ಶಿಸ್ತು ಕಲಿಸುತ್ತದೆ. ಆದ್ದರಿಂದ ಮೊದಲ ನಾಲ್ಕು ವಾರ ಒಬ್ಬರೇ ತುಳಿದು, ಆಮೇಲೆ ಗುಂಪು ಸೇರಿ ಎಂದು ಹೇಳುತ್ತೇನೆ. ತಮ್ಮ ವೇಗ ಗೊತ್ತಿಲ್ಲದೆ ಗುಂಪು ಸೇರಿದವರು ಮುಂದಿನವರ ವೇಗವನ್ನೇ ತಮ್ಮದು ಎಂದು ನಂಬಿಬಿಡುತ್ತಾರೆ.

ಸೇರುವ ಮೊದಲು ಆ ಗುಂಪಿನವರನ್ನು ಕೇಳಿ: ಸಮತಟ್ಟು ರಸ್ತೆಯಲ್ಲಿ ನಿಮ್ಮ ಸರಾಸರಿ ವೇಗ ಎಷ್ಟು? ಹಿಂದೆ ಬಿದ್ದವರಿಗೆ ಕಾಯುತ್ತೀರಾ, ಎಲ್ಲಿ? ಕೊನೆಯಲ್ಲಿ ಬರುವವರ ಜೊತೆ ಒಬ್ಬರು ಅನುಭವಿ ಇರುತ್ತಾರಾ? ಆ ಅನುಭವಿಯನ್ನು ಕ್ಲಬ್‌ಗಳಲ್ಲಿ ‘ಸ್ವೀಪ್’ ಎನ್ನುತ್ತಾರೆ, ಯಾರನ್ನೂ ಬಿಟ್ಟು ಹೋಗದ ಸವಾರಿಗೆ ‘ನೋ ಡ್ರಾಪ್’ ಎನ್ನುತ್ತಾರೆ. ಮೂರನೇ ಪ್ರಶ್ನೆಗೆ ‘ನೋಡೋಣ ಬನ್ನಿ’ ಎಂಬ ಉತ್ತರ ಬಂದರೆ ಬೇರೆ ಗುಂಪು ಹುಡುಕಿ.

ಇನ್ನೊಬ್ಬರ ಹಿಂದೆ ಹತ್ತಿರದಲ್ಲಿ ತುಳಿದರೆ ಎದುರುಗಾಳಿ ಅವರಿಗೆ ಬಡಿಯುತ್ತದೆ, ನಿಮಗೆ ತಪ್ಪುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ನಿಮ್ಮ ಶ್ರಮದಲ್ಲಿ ಕಾಲು ಭಾಗದಷ್ಟು ಉಳಿತಾಯವಾಗುತ್ತದೆ. ಗುಂಪಿನಲ್ಲಿ ಹಾರಿದಂತೆ ಅನಿಸುವುದು ಇದಕ್ಕೇ. ಆದರೆ ಅಷ್ಟು ಹತ್ತಿರ ಹೋಗುವುದಕ್ಕೆ ಒಂದು ಮಡಿ ಇದೆ. ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರದ ಪಕ್ಕಕ್ಕೆ ಎಂದೂ ಸೇರಕೂಡದು. ಅವರು ಗುಂಡಿ ತಪ್ಪಿಸಲು ಅರ್ಧ ಅಡಿ ಸರಿದರೆ ಎರಡು ಚಕ್ರ ತಗುಲುತ್ತವೆ, ಬೀಳುವುದು ಸಾಮಾನ್ಯವಾಗಿ ಹಿಂದಿನವರು. ಹೊಸಬರು ಒಂದು ಸೈಕಲ್ಲಿನಷ್ಟು ಅಂತರ ಬಿಡಿ. ಕಣ್ಣು ಮುಂದಿನವರ ಟೈರಿನ ಮೇಲಲ್ಲ, ಅವರ ಭುಜದಾಚೆ ರಸ್ತೆಯ ಮೇಲೆ ಇರಲಿ.

ಗುಂಪಿನಲ್ಲಿ ಬಾಯಿಗೂ ಕೆಲಸವಿದೆ. ಹಿಂದಿನಿಂದ ವಾಹನ ಬಂದರೆ ಕೊನೆಯವರು ‘ಕಾರ್ ಬ್ಯಾಕ್’ ಎಂದು ಕೂಗುತ್ತಾರೆ, ಮುಂದಿನವರು ಒಬ್ಬೊಬ್ಬರಾಗಿ ದಾಟಿಸುತ್ತಾರೆ. ‘ಹಂಪ್’, ‘ಗುಂಡಿ’, ‘ಸ್ಲೋ’ ಮುಂದಿನಿಂದ ಹಿಂದಕ್ಕೆ ಬರುತ್ತವೆ. ಕೇಳಿದವರು ಮತ್ತೆ ಕೂಗಬೇಕು, ನಡುವೆ ಒಬ್ಬರು ಸುಮ್ಮನಾದರೆ ಹತ್ತನೆಯವರಿಗೆ ಗುಂಡಿಯೇ ಹೇಳುತ್ತದೆ. ಕಿವಿಯಲ್ಲಿ ಇಯರ್‌ಫೋನ್ ಬೇಡವೇ ಬೇಡ. ಮುಂದಿದ್ದು ಗಾಳಿ ತಡೆಯುತ್ತಾ ಗುಂಪನ್ನು ಎಳೆಯುವ ಸರದಿ ಬಂದಾಗ ವೇಗ ಹೆಚ್ಚಿಸಬೇಡಿ, ಇದ್ದ ವೇಗದಲ್ಲೇ ಒಂದೆರಡು ನಿಮಿಷ ಎಳೆದು ಕೈ ಬೀಸಿ ಪಕ್ಕಕ್ಕೆ ಸರಿಯಿರಿ. ಉಮೇದಿನಲ್ಲಿ ಎಳೆದವರು ಹಿಂದಿನವರನ್ನೂ ಸುಸ್ತು ಮಾಡುತ್ತಾರೆ, ತಾವೂ ಬೆಟ್ಟಕ್ಕೆ ಬರಿಗೈಯಲ್ಲಿ ಹೋಗುತ್ತಾರೆ.

ಒಂಟಿಯಾಗಿ ಹೋಗುವವರು ಮನೆಯವರಿಗೆ ದಾರಿ ಮತ್ತು ವಾಪಸ್ ಬರುವ ಹೊತ್ತು ಹೇಳಿ, ಫೋನಿನಲ್ಲಿ ಲೊಕೇಶನ್ ಹಂಚಿ. ಹೆಸರು, ರಕ್ತದ ಗುಂಪು, ಮನೆಯ ನಂಬರು ಬರೆದ ಚೀಟಿ ಜೇಬಿನಲ್ಲಿರಲಿ, ಫೋನು ಲಾಕ್ ಆಗಿದ್ದರೂ ಅದು ಮಾತಾಡುತ್ತದೆ. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಹೆಣ್ಣುಮಕ್ಕಳಿಗೆ ನನ್ನ ಅನುಭವದ ಮಾತು: ಮೊದಲ ಕೆಲವು ಸಲ ಐದು ಗಂಟೆಯ ಕತ್ತಲಲ್ಲಿ ಒಬ್ಬರೇ ಸರ್ವಿಸ್ ರೋಡಿಗೆ ಇಳಿಯಬೇಡಿ. ಹೆಬ್ಬಾಳದಲ್ಲಿ ಇನ್ನೊಬ್ಬರನ್ನು ಸೇರಿಕೊಳ್ಳಿ, ಇಲ್ಲವೇ ಬೆಳಕು ಹರಿದಮೇಲೆ ಹೊರಡಿ. ಅರ್ಧ ಗಂಟೆ ತಡವಾದರೆ ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ಹಿಂದಿನ ರಾತ್ರಿ

ಟೈರಿಗೆ ಗಾಳಿ ಹೊಡೆದಿಡಿ. ಟೈರಿನ ಮೇಲೆ ಬರೆದ ಗರಿಷ್ಠ ಅಂಕಿಯವರೆಗೆ ಹೊಡೆಯಬೇಕಿಲ್ಲ. ಕಲ್ಲಿನಂತೆ ಗಟ್ಟಿಯಾದ ಟೈರು ನಮ್ಮ ರಸ್ತೆಯಲ್ಲಿ ಪುಟಿಯುತ್ತದೆ. ತೆಳು ಮೂತಿಯ ಪ್ರೆಸ್ಟಾ ವಾಲ್ವ್ ಇದ್ದರೆ ದಾರಿಯ ಪಂಕ್ಚರ್ ಅಂಗಡಿಯ ಪಂಪು ಕೂರುವುದಿಲ್ಲ, ಸಣ್ಣ ಹಿತ್ತಾಳೆ ಅಡಾಪ್ಟರ್ ಒಂದನ್ನು ಚೀಲದಲ್ಲಿ ಹಾಕಿಕೊಳ್ಳಿ. ಜೊತೆಗೆ ಎರಡು ಟ್ಯೂಬು, ಎರಡು ಟೈರ್ ಲಿವರ್, ಕೈಪಂಪು, ಅಲೆನ್ ಕೀ ಗೊಂಚಲು. ಮುಂದೆ ಬಿಳಿ ದೀಪ, ಹಿಂದೆ ಮಿನುಗುವ ಕೆಂಪು ದೀಪ, ಎರಡೂ ಚಾರ್ಜ್ ಆಗಿರಲಿ. ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಎರಡು ಬೆರಳು ತೂರುವಷ್ಟೇ ಸಡಿಲವಿರಬೇಕು.

ಊಟದ ವಿಷಯದಲ್ಲಿ ನಾನು ಮಾಡಿದ ತಪ್ಪು ನೀವು ಮಾಡಬೇಡಿ. ನನ್ನ ಮೊದಲ ನಂದಿಗೆ ಒಂದು ಲೋಟ ಕಾಫಿ ಕುಡಿದು ಹೊರಟಿದ್ದೆ. ಹತ್ತಿದೆ, ಇಳಿದೆ, ಖುಷಿಯಲ್ಲಿ ಹಸಿವೇ ತಿಳಿಯಲಿಲ್ಲ. ವಾಪಸ್ ಬರುವಾಗ ಚಿಕ್ಕಜಾಲದ ಹತ್ತಿರ ಕೈ ನಡುಗಲು ಶುರುವಾಯಿತು. ಎದುರಿನ ಬೋರ್ಡಿನ ಅಕ್ಷರ ಕಾಣುತ್ತಿತ್ತು, ಓದಲು ಆಗುತ್ತಿರಲಿಲ್ಲ. ರಸ್ತೆ ಪಕ್ಕದ ಸಣ್ಣ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತೆ. ಅಂಗಡಿಯ ಅಜ್ಜಿ ಏನೂ ಕೇಳದೆ ಎರಡು ಕಡ್ಲೆ ಮಿಠಾಯಿ, ಸಕ್ಕರೆ ಕಲಕಿದ ನಿಂಬೆ ಸೋಡಾ ಕೈಗಿಟ್ಟರು. ‘ಮಗಾ, ಹೊಟ್ಟೆಗೆ ಹಾಕ್ಕೊಂಡು ತುಳೀಬೇಕಮ್ಮ’ ಅಂದರು. ಕಾಲು ಗಂಟೆಯಲ್ಲಿ ಕಣ್ಣು ತಿಳಿಯಾಯಿತು. ಮೈಯಲ್ಲಿ ಕೂಡಿಟ್ಟ ಸಕ್ಕರೆ ಎರಡು ಗಂಟೆಯ ಶ್ರಮಕ್ಕೆ ಹೆಚ್ಚುಕಡಿಮೆ ಮುಗಿಯುತ್ತದೆ, ಹಸಿವಾದಾಗ ತಿನ್ನುತ್ತೇನೆ ಎಂದರೆ ತಡವಾಯಿತು. ಹೊರಡುವ ಮೊದಲು ಎರಡು ಇಡ್ಲಿಯೋ ಒಂದು ಬಟ್ಟಲು ಅವಲಕ್ಕಿಯೋ ಇರಲಿ. ಆಮೇಲೆ ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣು, ಖರ್ಜೂರ ಅಥವಾ ಕಡ್ಲೆ ಮಿಠಾಯಿ. ಗಂಟೆಗೆ ಅರ್ಧ ಲೀಟರ್ ನೀರು, ಒಂದು ಬಾಟಲಿಗೆ ಒಆರ್‌ಎಸ್.

ಹೆಬ್ಬಾಳದಿಂದ ಬುಡದವರೆಗೆ

ಐದೂವರೆಗೆ ಹೆಬ್ಬಾಳ ಬಿಟ್ಟರೆ ಒಳ್ಳೆಯದು. ಮೇಲ್ಸೇತುವೆ ಹತ್ತಬೇಡಿ, ಕೆಳಗಿನ ಸರ್ವಿಸ್ ರೋಡಿನಲ್ಲೇ ಹೋಗಿ. ಜಕ್ಕೂರು, ಹುಣಸಮಾರನಹಳ್ಳಿ, ಚಿಕ್ಕಜಾಲ, ಸಾದಹಳ್ಳಿ ಟೋಲ್, ವಿಮಾನ ನಿಲ್ದಾಣದ ತಿರುವು, ದೇವನಹಳ್ಳಿ. ಸರ್ವಿಸ್ ರೋಡಿನಲ್ಲಿ ಎದುರಿನಿಂದ ಬೈಕುಗಳು ಬರುತ್ತವೆ, ಬಸ್ಸುಗಳು ಏಕಾಏಕಿ ಎಡಕ್ಕೆ ನುಗ್ಗಿ ನಿಲ್ಲುತ್ತವೆ; ಬ್ರೇಕಿನ ಮೇಲೆ ಎರಡು ಬೆರಳು ಯಾವಾಗಲೂ ಇರಲಿ. ವಿಮಾನ ನಿಲ್ದಾಣ ದಾಟಿದಮೇಲೆ ಹೈದರಾಬಾದ್ ಕಡೆಯ ಲಾರಿಗಳ ಹೆದ್ದಾರಿ. ಎಡ ಅಂಚಿನ ಬಿಳಿ ಗೆರೆಯ ಆಚೆಯೇ ನಿಮ್ಮ ಜಾಗ. ದೇವನಹಳ್ಳಿ ಕಳೆದು ನಂದಿಯ ಫಲಕ ಕಂಡಲ್ಲಿ ಎಡಕ್ಕೆ ತಿರುಗಿದರೆ ಲಾರಿಯ ಸದ್ದು ಹಿಂದೆ ಉಳಿಯುತ್ತದೆ, ದ್ರಾಕ್ಷಿ ತೋಟಗಳು ಶುರುವಾಗುತ್ತವೆ. ಹೆಬ್ಬಾಳದಿಂದ ಬುಡಕ್ಕೆ ನಲವತ್ತು ಕಿ.ಮೀ. ಮೇಲಾಗುತ್ತದೆ, ಎರಡು ಗಂಟೆಯಿಂದ ಎರಡೂಕಾಲು ಗಂಟೆ ತೆಗೆದುಕೊಳ್ಳಿ. ಒಂದೂವರೆ ಗಂಟೆಯಲ್ಲಿ ಮುಟ್ಟಿದರೆ ಹೆಮ್ಮೆಪಡಬೇಡಿ.

ಈ ಹೆದ್ದಾರಿಯಲ್ಲಿ ಪಂಕ್ಚರ್ ಆಗುವುದು ಹೆಚ್ಚಾಗಿ ಮೊಳೆಯಿಂದಲ್ಲ. ಲಾರಿಗಳ ಟೈರು ಸಿಡಿದಾಗ ಅದರೊಳಗಿನ ಉಕ್ಕಿನ ತಂತಿ ಚೂರುಚೂರಾಗಿ ಅಂಚಿನಲ್ಲಿ ಬಿದ್ದಿರುತ್ತದೆ. ಕೂದಲಿನಷ್ಟು ತೆಳು, ಅಕ್ಕಿಕಾಳಿನಷ್ಟು ಉದ್ದ. ಟ್ಯೂಬು ಬದಲಿಸುವಾಗ ಅವಸರ ಬೇಡ. ಹಳೆ ಟ್ಯೂಬು ತೆಗೆದಮೇಲೆ ಅದಕ್ಕೆ ಸ್ವಲ್ಪ ಗಾಳಿ ಹೊಡೆದು ತೂತು ಎಲ್ಲಿದೆ ಎಂದು ಕೆನ್ನೆಯ ಹತ್ತಿರ ಹಿಡಿದು ನೋಡಿ. ಕಿವಿಗೆ ಕೇಳದ ಗಾಳಿ ಕೆನ್ನೆಗೆ ತಿಳಿಯುತ್ತದೆ. ಟ್ಯೂಬನ್ನು ಟೈರಿನ ಪಕ್ಕ ವಾಲ್ವಿಗೆ ವಾಲ್ವು ಹೊಂದಿಸಿ ಇಟ್ಟರೆ ತಂತಿ ಟೈರಿನಲ್ಲಿ ಯಾವ ಜಾಗದಲ್ಲಿದೆ ಎಂದು ಗೊತ್ತಾಗುತ್ತದೆ. ಆಮೇಲೆ ಒಳಮೈಯಲ್ಲಿ ಬೆರಳನ್ನು ಮೆತ್ತಗೆ ಆಡಿಸಿ. ಚುಚ್ಚಿತೋ, ಸಿಕ್ಕಿತು. ಉಗುರಿಗೆ ಬಾರದಿದ್ದರೆ ಹೊರಗಿನಿಂದ ಅಲೆನ್ ಕೀ ತುದಿಯಲ್ಲಿ ಒತ್ತಿ ಒಳಗಿನಿಂದ ಎಳೆಯಿರಿ. ನಾನೊಮ್ಮೆ ಈ ತಂತಿಯನ್ನು ಬಿಟ್ಟು ಹೊಸ ಟ್ಯೂಬು ಹಾಕಿದ್ದೆ. ಇನ್ನೂರು ಮೀಟರಿನಲ್ಲಿ ಎರಡನೇ ಟ್ಯೂಬೂ ಕೂತಿತು.

ಏರು

ಬುಡದಲ್ಲಿ ಐದು ನಿಮಿಷ ನಿಲ್ಲಿ, ಒಂದು ಬಾಳೆಹಣ್ಣು ತಿನ್ನಿ, ಮುಂದಿನ ಸಣ್ಣ ಚಕ್ರಕ್ಕೆ ಚೈನು ಈಗಲೇ ಇಳಿಸಿ. ಏರಿನ ನಡುವೆ ಜೋರಾಗಿ ಒತ್ತುತ್ತಿರುವಾಗ ಇಳಿಸಿದರೆ ಚೈನು ಕಳಚುವುದು ಹೆಚ್ಚು.

ಮೊದಲ ಅರ್ಧ ಸಲೀಸು. ಮೋಸವಾಗುವುದು ಅಲ್ಲೇ. ‘ಇಷ್ಟೇನಾ ನಂದಿ?’ ಅನಿಸಿದಾಗ ಇನ್ನೊಂದು ಗೇರು ಹಗುರ ಮಾಡಿ. ದೋಸೆಯ ವಾಕ್ಯ ಇಲ್ಲೂ ಹೇಳಲು ಬರಬೇಕು. ಕೈ ಹ್ಯಾಂಡಲಿನ ಮೇಲ್ಭಾಗದಲ್ಲಿ ಸಡಿಲವಾಗಿರಲಿ, ಭುಜ ಕಿವಿಯಿಂದ ದೂರ ಇರಲಿ, ಎದೆ ತೆರೆದಿರಲಿ. ಕೊನೆಯ ಎರಡು, ಎರಡೂವರೆ ಕಿ.ಮೀ. ನಿಜವಾದ ಏರು, ತಿರುವಿನ ಮೇಲೆ ತಿರುವು. ಅಲ್ಲಿ ಮಾತು ನಿಲ್ಲುತ್ತದೆ, ನಿಲ್ಲಲಿ. ಹೇರ್‌ಪಿನ್ ತಿರುವಿನ ಒಳಮಗ್ಗುಲು ಕಡಿದು, ಹೊರಮಗ್ಗುಲು ಸಾಧು. ಹತ್ತುವಾಗ ಬಲಕ್ಕೆ ತಿರುಗುವ ತಿರುವುಗಳಲ್ಲಿ ನಮ್ಮ ಎಡಬದಿಯೇ ಹೊರಮಗ್ಗುಲು, ಅಲ್ಲಿ ಉಸಿರು ಸುಧಾರಿಸಿಕೊಳ್ಳಿ. ಎಡ ತಿರುವುಗಳಲ್ಲಿ ಹಿಂದೆ ನೋಡಿ ವಾಹನ ಇಲ್ಲವೆಂದು ಖಾತ್ರಿಯಾದರೆ ಮಾತ್ರ ಅಂಚಿನಿಂದ ಒಂದು ಮೀಟರ್ ಆಚೆ ಹೋಗಿ.

ನಿಲ್ಲಬೇಕೆನಿಸಿದರೆ ನಿಲ್ಲಿ, ನಾಚಿಕೆ ಬೇಡ. ತಿರುವಿನಲ್ಲಿ ಮಾತ್ರ ನಿಲ್ಲಬೇಡಿ, ನೇರ ರಸ್ತೆಯ ಅಂಚಿನಲ್ಲಿ ನಿಲ್ಲಿ. ಮತ್ತೆ ಹೊರಡುವಾಗ ಒಂದು ಪೆಡಲನ್ನು ಗಡಿಯಾರದ ಎರಡು ಗಂಟೆಯ ಮುಳ್ಳಿನ ಜಾಗಕ್ಕೆ ತಂದು, ಒಂದೇ ಗಟ್ಟಿ ಒತ್ತು ಕೊಟ್ಟು ಸೀಟಿಗೆ ಏರಿ.

ಮೇಲೆ ಮಂಗಗಳಿವೆ. ತಿಂಡಿ ಕೈಯಲ್ಲಿ ಹಿಡಿದು ನಿಲ್ಲಬೇಡಿ, ಜೇಬಿನ ಬಾಳೆಹಣ್ಣಿನ ವಾಸನೆಯೂ ಅವಕ್ಕೆ ಗೊತ್ತು. ಗೇಟಿನ ಸಮಯ, ವಾರಾಂತ್ಯದ ನಿಯಮ ಆಗಾಗ ಬದಲಾಗುತ್ತವೆ, ಹಿಂದಿನ ದಿನವೇ ವಿಚಾರಿಸಿ. ಸಾಧ್ಯವಾದರೆ ವಾರದ ನಡುವೆ ಒಂದು ದಿನ ರಜೆ ಹಾಕಿ ಹೋಗಿ; ಶನಿವಾರ, ಭಾನುವಾರ ಸೂರ್ಯೋದಯ ನೋಡುವವರ ಕಾರಿನ ಸಾಲಿನಲ್ಲಿ ಹೊಗೆ ಕುಡಿಯುತ್ತಾ ಹತ್ತಬೇಕಾಗುತ್ತದೆ. ಮೇಲೆ ನಿಂತಾಗ ನನಗೆ ಯಾವಾಗಲೂ ನೆನಪಾಗುವುದು ಅರ್ಕಾವತಿ. ಆ ನದಿ ಹುಟ್ಟುವುದು ಇದೇ ಬೆಟ್ಟದಲ್ಲಿ. 19ನೇ ಶತಮಾನದ ಕೊನೆಗೆ ಬೆಂಗಳೂರಿಗೆ ಕೊಳಾಯಿ ನೀರು ಬಂದದ್ದು ಅದರ ಹೆಸರಘಟ್ಟ ಕೆರೆಯಿಂದ. ಕಾಲಲ್ಲಿ ಅಷ್ಟು ದೂರ ತುಳಿದು ಬಂದಮೇಲೆ ಈ ಮಾತು ಬೇರೆಯದೇ ರೀತಿ ಅರ್ಥವಾಗುತ್ತದೆ.

ಇಳಿತ

ನಂದಿಯಲ್ಲಿ ಪೆಟ್ಟಾಗುವುದು ಇಳಿಯುವಾಗ. ಇದನ್ನು ಎರಡು ಸಲ ಓದಿ.

ಬೆವರಿದ ಮೈಗೆ ತಣ್ಣನೆಯ ಗಾಳಿ ಹೊಡೆದರೆ ಬೆರಳು ಮರಗಟ್ಟುತ್ತವೆ, ಬ್ರೇಕು ಹಿಡಿಯಲು ಬಾರದು. ತೆಳು ಜಾಕೆಟ್ ಇಲ್ಲದಿದ್ದರೆ ದಿನಪತ್ರಿಕೆಯ ಎರಡು ಹಾಳೆ ಜೆರ್ಸಿಯೊಳಗೆ ಎದೆಗೆ ಹಾಸಿಕೊಳ್ಳಿ, ಬಹಳ ಬೆಚ್ಚಗಿರುತ್ತದೆ. ಕೈ ಹ್ಯಾಂಡಲಿನ ಕೆಳಬಾಗಿನಲ್ಲಿರಲಿ, ಅಲ್ಲಿಂದಲೇ ಬ್ರೇಕಿಗೆ ಬಲ ಸಿಗುವುದು. ಬ್ರೇಕನ್ನು ಉದ್ದಕ್ಕೂ ಒತ್ತಿ ಹಿಡಿಯಬೇಡಿ. ರಿಮ್ ಬ್ರೇಕ್ ಇದ್ದರೆ ರಿಮ್ಮು ಕಾದು ಟ್ಯೂಬು ಸಿಡಿಯುವ ಅಪಾಯವಿದೆ. ಒತ್ತಿ, ಬಿಡಿ, ಒತ್ತಿ, ಬಿಡಿ. ತಿರುವಿಗೆ ಮೊದಲೇ ವೇಗ ಇಳಿಸಿ ಮುಗಿಸಿ, ತಿರುವಿನೊಳಗೆ ಬ್ರೇಕು ಬೇಡ. ತಿರುವಿನ ಹೊರಗಡೆಯ ಪೆಡಲು ಕೆಳಗೆ, ಅದರ ಮೇಲೆ ಮೈಭಾರ. ಕಣ್ಣು ತಿರುವು ಮುಗಿಯುವ ಕಡೆಗೆ. ಪ್ರಪಾತ ನೋಡಿದರೆ ಸೈಕಲ್ಲೂ ಅತ್ತಲೇ ಹೋಗುತ್ತದೆ. ಮೇಲೆ ಬರುವ ಕಾರುಗಳು ತಿರುವಿನಲ್ಲಿ ನಿಮ್ಮ ಬದಿಗೆ ಅರ್ಧ ನುಗ್ಗಿರುತ್ತವೆ ಎಂದೇ ತಿಳಿದು ಇಳಿಯಿರಿ. ಮಂಜು ಬಿದ್ದ ದಿನ, ಮಳೆಯ ದಿನ, ಬಿಳಿ ಬಣ್ಣದ ಗೆರೆ ಮತ್ತು ಒದ್ದೆ ಎಲೆಯ ಮೇಲೆ ಚಕ್ರ ಹಾಯಿಸಬೇಡಿ. ಕ್ಲಬ್ಬಿನವರು ಪಕ್ಕದಲ್ಲಿ ಹಾರಿ ಹೋದರೆ ಹೋಗಲಿ.

ವಾಪಸ್ ದಾರಿ

ಕೆಳಗೆ ತಿಂಡಿ ತಿನ್ನಿ, ಆದರೆ ಅರ್ಧ ಗಂಟೆಗಿಂತ ಹೆಚ್ಚು ಕೂರಬೇಡಿ, ಕಾಲು ಬಿಗಿಯುತ್ತದೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ, ವಿಶ್ವೇಶ್ವರಯ್ಯನವರು ಹುಟ್ಟಿದ ಮುದ್ದೇನಹಳ್ಳಿ ಹತ್ತಿರದಲ್ಲೇ ಇವೆ; ಅವಕ್ಕೆ ಇನ್ನೊಂದು ದಿನ ಬೆಟ್ಟ ಬಿಟ್ಟು ಬನ್ನಿ. ಹತ್ತು ಗಂಟೆಯ ಮೇಲೆ ಹೆದ್ದಾರಿಯ ಬಿಸಿಲು ಏರುತ್ತದೆ. ಆಷಾಢದಲ್ಲಿ ಪಶ್ಚಿಮ, ನೈಋತ್ಯದ ಗಾಳಿ, ಅಂದರೆ ದಕ್ಷಿಣಕ್ಕೆ ಮರಳುವ ನಿಮಗೆ ಓರೆಯಾಗಿ ಎದುರೇ. ಜೂನ್, ಜುಲೈನಲ್ಲಿ ಹೋದರೆ ವಾಪಸಿಗೆ ಅರ್ಧ ಗಂಟೆ ಹೆಚ್ಚು ಇಟ್ಟುಕೊಳ್ಳಿ. ಗುಂಪಿನಲ್ಲಿದ್ದರೆ ಸರದಿ ಪ್ರಕಾರ ಗಾಳಿ ಹೊರಿ.

ಈ ನೂರು ಕಿ.ಮೀ. ಸುಸ್ತಿಲ್ಲದೆ ಮುಗಿದರೆ ಮುಂದಿನ ಗುರಿ 200 ಕಿ.ಮೀ. ಬ್ರೆವೆ, ಅಂದರೆ ಗೊತ್ತಾದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ. ಅದಕ್ಕೆ ಕೊಡುವ ಸಮಯ ಹದಿಮೂರೂವರೆ ಗಂಟೆ, ನಿಲ್ಲುವುದೂ ಸೇರಿ ಗಂಟೆಗೆ 15 ಕಿ.ಮೀ. ಸಾಕು. ಅದು ಪಂದ್ಯವಲ್ಲ, ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ.

ಮನೆಗೆ ಬಂದಮೇಲೆ ಸ್ನಾನಕ್ಕೆ ಹೋಗುವ ಮುಂಚೆ ಎರಡೂ ಟೈರಿನ ಮೇಲೆ ಒದ್ದೆ ಬಟ್ಟೆ ಹಾಯಿಸಿ, ಚಕ್ರವನ್ನು ನಿಧಾನಕ್ಕೆ ತಿರುಗಿಸುತ್ತಾ ನೋಡಿ. ಅಂಟಿಕೊಂಡ ತಂತಿಯ ಚೂರು ಇನ್ನೂ ಒಳಗೆ ಇಳಿದಿರುವುದಿಲ್ಲ, ಉಗುರಿನಿಂದಲೇ ಬರುತ್ತದೆ. ಚೈನು ಒರೆಸಿ ಒಂದೊಂದು ಕೊಂಡಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಎರಡು ದಿನ ತೊಡೆ ಹಿಡಿದುಕೊಂಡಿರುತ್ತದೆ. ಮೂರನೇ ದಿನ ಬೆಳಿಗ್ಗೆ ಬಡಾವಣೆಯೊಳಗೇ ಅರ್ಧ ಗಂಟೆ, ಅತಿ ಹಗುರದ ಗೇರಿನಲ್ಲಿ ಸುತ್ತಿ ಬನ್ನಿ.